ಎಂಟು ಮಡಿ ಕುದುರೆ ಮೆಂತೆ

ಮೊನ್ನೆ ನವಲಗುಂದದಿಂದ ಗದಗಿಗೆ ಹೊರಟಿದ್ದ ಬಸ್ಸಿನಲ್ಲಿ ಒಬ್ಬ ಹೆಣ್ಣುಮಗಳು ನನ್ನ ಪಕ್ಕದ ಸೀಟಿನ ಮೇಲೆ ಹಸಿ ಮೇವಿನ ಗಂಟು ತಂದಿಟ್ಟಳು. ಅದಕ್ಕೂ ಟಿಕೀಟು ತಗೋಬೇಕೆಂದು ಕಂಡಕ್ಟರ್ ತಕರಾರು ತೆಗೆದ. "ಇದೇನು ಇಳಿಯೂ ಊರು ಬಂದ್ರ ತಾನಽ ಎದ್ದು ಹೋಗ್ತೈತೇನ್ರಿ, ಟಿಕೀಟ್ ತಗೊಳ್ಳಾಕ?" ಎಂದು ಆಕೆ ಕೇಳಿದಳು. ಬಸ್ಸಿನವರೆಲ್ಲ ನಕ್ಕರು. ನಾನೂ ನಗುತ್ತಿದ್ದೆ, ಗಂಟಿನೊಳಗಿನ ವಾಸನೆ ಮೂಗಿಗೆ ಬಡಿಯುವ ತನಕ. ಕುದುರೆ ಮೆಂತೆ! ಮೂರೆಲೆಯ, ನೇರಳೆ ಹೂವಿನ, ದನ ಕುದುರೆಗಳು ಆಸೆಬಿದ್ದು ತಿನ್ನುವ ಮೇವು. ಕೊಯ್ದ ಕೂಡಲೇ ಅದಕ್ಕೆ ಹಸಿ ಅವರೆ ಸುಲಿದ ಕೈಯಂಥ ವಾಸನೆ. ಈ ಗಿಡದ ಮೇಲೆ ಸಂಶೋಧನೆ ಮಾಡಿ ಪದವಿ ಪಡೆದವನು ನಾನು. ಆಮೇಲೆ ಇಪ್ಪತ್ತೊಂದು ವರ್ಷ ಅದರ ಹತ್ತಿರ ಸುಳಿಯದೆ ನೌಕರಿ ಮಾಡಿದವನೂ ನಾನೇ. ಯಾಕೆ ಅಂತೀರೇನು? ಬಸ್ಸು ಅಣ್ಣಿಗೇರಿ ಮುಟ್ಟಲು ಇನ್ನೂ ಅರ್ಧ ತಾಸಿತ್ತು. ಅಷ್ಟರೊಳಗೆ ನಿಮಗೆ ಹೇಳಿಬಿಡುತ್ತೇನೆ.

ಅಣ್ಣಿಗೇರಿಯ ಹೊರಗೆ ಇಮಾಮಸಾಬರ ಹೊಲ. ಅವರ ತಂದೆ ಸ್ಟೇಷನ್ನಿನಿಂದ ಊರೊಳಕ್ಕೆ ಟಾಂಗಾ ಹೊಡೆಯುತ್ತಿದ್ದರಂತೆ. ಕುದುರೆಗೆಂದು ಬಾವಿಯ ಬಾಜುವಿಗೆ ಎಂಟು ಮಡಿ ಮೆಂತೆ ಹಾಕಿದ್ದರು. ಟಾಂಗಾ ಹೋಯಿತು, ಕುದುರೆ ಹೋಯಿತು, ಮೆಂತೆ ಮಾತ್ರ ಮಗನ ಎರಡು ಎಮ್ಮೆಗಳ ಪಾಲಿಗೆ ಉಳಿಯಿತು. ಊರವರೆಲ್ಲ ಅವರನ್ನು ಇಮಾಮ್ ಕಾಕಾ ಅನ್ನುತ್ತಿದ್ದರು, ನಾನೂ ಹಾಗೇ ಅಂದೆ. ನಾನಾಗ ಕೃಷಿ ಕಾಲೇಜಿನ ಹುಡುಗ. ಹೆಗಲಿಗೆ ಚೀಲ, ಜೇಬಿನಲ್ಲಿ ಅಳತೆಪಟ್ಟಿ, ತಲೆ ತುಂಬ ತಳಿಶಾಸ್ತ್ರ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತಲ್ಲ, ಹಾಗಿತ್ತು ನನ್ನ ಹುರುಪು.

ಕಾಕಾನ ಕೈಗುಣ ಸುತ್ತಲಿನ ಹೊಲಗಳಲ್ಲೆಲ್ಲ ಹೆಸರಾಗಿತ್ತು. ಬಿತ್ತಿಗೆಯ ದಿನ ಕೂರಿಗೆ ಪೂಜೆಯಾದ ಮೇಲೆ ಅದರ ಬಟ್ಟಲಿಗೆ ಮೊದಲ ಹಿಡಿ ಕಾಳು ಅವರೇ ಹಾಕಬೇಕು. ಪಕ್ಕದ ಹೊಲದ ಚನ್ನಬಸಪ್ಪನವರಂತೂ ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಎತ್ತು ಹೂಡಿಕೊಂಡು ನಿಂತೇ ಇರುವವರು. ನೆಲದ ಹಸಿ ಆರಿದರೂ ಸರಿ, ಗೆಳೆಯ ಬರದೆ ಕೂರಿಗೆ ಮುಂದೆ ಹೋಗುತ್ತಿರಲಿಲ್ಲ.

"ಇಂವ ಕೈ ಹಚ್ಚಿದರ ಕಲ್ಲೂ ಚಿಗೀತದ" ಅನ್ನುವರು ಅವರು.

"ಒಮ್ಮೆ ಕಲ್ಲಽ ಬಿತ್ತಿ ನೋಡಲೇ, ಮ್ಯಾಲೆ ಮಾತಾಡೂಣು" ಅನ್ನುವರು ಕಾಕಾ. ಆದರೆ ಆ ದಿನ ಮಾತ್ರ ಒಗೆದ ಅಂಗಿ ಹಾಕಿಕೊಂಡೇ ಬರುತ್ತಿದ್ದರು.

ಮೆಂತೆಯ ಬೀಜಕ್ಕೆ ಅವರಲ್ಲೊಂದು ಪದ್ಧತಿಯಿತ್ತು. ಚಳಿಗಾಲದಲ್ಲಿ ಒಂದು ಮಡಿಯನ್ನು ಕೊಯ್ಯದೆ ಹೂವಿಗೆ ಬಿಡುವುದು. ಚನ್ನಬಸಪ್ಪನವರದೂ ಸೇರಿ ಇನ್ನೂ ಮೂರು ಮನೆಯವರು ಹೀಗೇ ಬಿಡುತ್ತಿದ್ದರು. ಬೀಜ ಕಟ್ಟಿದ ಮೇಲೆ ನಾಲ್ಕೂ ಮನೆಯದನ್ನು ಕಾಕಾನ ಕಟ್ಟೆಯ ಮೇಲೆ ಒಂದೇ ಮೊರಕ್ಕೆ ಸುರಿದು, ಕೈಯಾಡಿಸಿ, ಮತ್ತೆ ನಾಲ್ಕು ಪಾಲು ಮಾಡುವುದು. ಯಾಕೆಂದು ಕೇಳಿದೆ.

"ಒಂದಽ ಮನಿ ಬೀಜ ಕಸುವು ಕಳಕೋತದ್ರಿ. ಹೆಣ್ಣು ಕೊಟ್ಟು ಹೆಣ್ಣು ತಂದಾಂಗ ಇದು."

ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ: 'ಬೀಜ ಕಲಬೆರಕೆ. ರೈತರಿಗೆ ತಿಳಿವಳಿಕೆ ಅಗತ್ಯ.' ಆ ಸಾಲು ನೆನಪಾದರೆ ಈಗಲೂ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ.

ನನ್ನ ಪ್ರಯೋಗ ಇಷ್ಟೇ. ಎಲ್ಲಕ್ಕಿಂತ ಎತ್ತರದ, ದಟ್ಟ ಎಲೆಯ ಒಂದು ಗಿಡ ಆರಿಸಿ, ಜೇನು ಹೊಗದಂತೆ ಪರದೆ ಕಟ್ಟಿ, ಅದರ ಪರಾಗ ಅದಕ್ಕೇ ಮುಟ್ಟಿಸಿ ಬೀಜ ಹಿಡಿಸುವುದು. ಮೆಂತೆಯ ಹೂವನ್ನು ಮೆಲ್ಲಗೆ ಒತ್ತಿದರೆ ಒಳಗಿನ ಕೇಸರ ಟಪ್ಪನೆ ಚಿಮ್ಮುತ್ತದೆ. ಜೇನು ಮಾಡುವ ಆ ಕೆಲಸವನ್ನು ನಾನು ಹಲ್ಲುಕಡ್ಡಿಯಿಂದ ಮಾಡುತ್ತಿದ್ದೆ. ಕಾಕಾನೂ ಪರದೆಯೊಳಗೆ ಬಂದು ಕೂತು ಕಡ್ಡಿ ಹಿಡಿಯುತ್ತಿದ್ದರು. "ಪಾಪ, ಹುಳದ ಹೊಟ್ಟಿ ಮ್ಯಾಲೆ ಹೊಡದ್ರಿ ನೋಡ್ರಿ" ಎಂದು ನಗುತ್ತಿದ್ದರು. ಹೀಗೆ ತನ್ನೊಳಗೆ ತಾನೇ ಕೂಡುತ್ತ ಹೋದರೆ ಗಿಡ ಪೀಳಿಗೆಯಿಂದ ಪೀಳಿಗೆಗೆ ಸೊರಗುತ್ತದೆ ಎಂದು ಪುಸ್ತಕ ಹೇಳುತ್ತಿತ್ತು. ಎಷ್ಟು ಸೊರಗುತ್ತದೆ ಎಂದು ಅಳೆಯುವುದೇ ನನ್ನ ಕೆಲಸವಾಗಿತ್ತು. ಆದರೂ ನನ್ನ ಗಿಡಕ್ಕೆ ಹಾಗಾಗಲಿಕ್ಕಿಲ್ಲ ಎಂದು ನಂಬಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು.

ಆ ಬೀಜವನ್ನು ಎರಡು ಮಡಿಗೆ ಹಾಕಿದೆವು, ಚೆನ್ನಾಗಿಯೇ ಕಂಡಿತು. ಹಳೆಯ ಮಡಿಯ ಪಕ್ಕ ಹೊಸದು ಯಾವಾಗಲೂ ಹಸಿರಾಗಿಯೇ ಕಾಣುತ್ತದೆ. ಅದು ಪ್ರಾಯದ ಮಹಿಮೆ, ನಾನು ತಳಿಯ ಮಹಿಮೆ ಅಂದುಕೊಂಡೆ. ಅವುಗಳಿಂದ ಮತ್ತೆ ಪರದೆ ಕಟ್ಟಿ ಬೀಜ ತೆಗೆದಾಗ ಕಾಕಾ ಕೇಳಿದರು, "ಹಳೀ ಮಡಿ ಮುರದು ಹೊಸಾದು ಬಿತ್ತೂ ವರ್ಷ ಇದು. ನಾಕೂ ಮನೀದು ಬೆರಿಸಿ ಹಾಕಲ್ಯಾ, ಇದನ್ನಽ ಹಾಕಲ್ಯಾ?"

ಪ್ರಯೋಗಕ್ಕೆ ಎರಡು ಮಡಿ ಸಾಕಾಗಿತ್ತು. ಆದರೆ ಅಷ್ಟೂ ಮಡಿಗಳಲ್ಲಿ ನನ್ನ ತಳಿ ನಿಂತದ್ದನ್ನು ಕಣ್ಣಾರೆ ನೋಡುವ ಆಸೆ. "ಇದನ್ನಽ ಹಾಕ್ರಿ ಕಾಕಾ. ಬೆರಿಸಬ್ಯಾಡ್ರಿ" ಅಂದೆ.

ಕಾಕಾ ಹಾಕಿದರು. ತಮಗಷ್ಟೇ ಅಲ್ಲ, ಕಾಲೇಜಿನವರು ಆರಿಸಿದ್ದು ಎಂದು ಹೆಮ್ಮೆಯಿಂದ ಆ ಮೂರು ಮನೆಗಳಿಗೂ ಹಂಚಿದರು. ಹಳೆಯ ಬೀಜ ಎಮ್ಮೆಗಳ ಕಲಗಚ್ಚಿಗೆ ಹೋಯಿತು.

ಮೊದಲ ಕೊಯ್ಲಿಗೇ ಗೊತ್ತಾಯಿತು. ಕಡ್ಡಿ ಸಣ್ಣ, ಎಲೆ ಹಳದಿ, ಒಂದು ಸಲ ಕೊಯ್ದ ಬುಡ ಮತ್ತೆ ಚಿಗುರಲೊಲ್ಲದು. ಕಾಕಾ ಗೊಬ್ಬರ ಹಾಕಿದರು, ನೀರಿನ ಸರದಿ ಬದಲಿಸಿದರು. ನಾಲ್ಕೂ ಮನೆಗಳಲ್ಲಿ ಮಡಿ ಬೋಳಾದವು, ಎಮ್ಮೆಗಳು ಹಾಲು ಇಳಿಸಿದವು. ಒಂದು ಮಧ್ಯಾಹ್ನ ಕಾಕಾ ಬದುವಿನ ಮೇಲೆ ಕೂತು ಅಂಗೈ ನೋಡಿಕೊಳ್ಳುತ್ತ, "ಕೈಗುಣ ಹೋತ್ರಿ ನಂದು" ಅಂದರು.

ನಾನು ಅಳತೆಪಟ್ಟಿ ಹಿಡಿದು ಅಲ್ಲೇ ಕೂತಿದ್ದೆ, ಗಿಡಗಳ ಎತ್ತರ ಬರೆದುಕೊಳ್ಳುತ್ತ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. "ಹಂಗೇನಿಲ್ಲ ಬಿಡ್ರಿ ಕಾಕಾ" ಎಂದಷ್ಟೇ ಗೊಣಗಿದೆ. ತಪ್ಪು ಒಪ್ಪಿಕೊಂಡರೆ ಊರವರೆಲ್ಲ ಕೂಡಿ ನನ್ನ ಗುರುಗಳಿಗೆ ದೂರು ಹೇಳುತ್ತಾರೆ ಎಂಬ ಹೆದರಿಕೆ. ಆ ಮುಂಗಾರಿಗೆ ಚನ್ನಬಸಪ್ಪನವರು ಎತ್ತು ಹೂಡಿ ನಿಂತದ್ದನ್ನು ಬಾವಿಯ ಹತ್ತಿರದಿಂದ ನೋಡಿದೆ. ಕಾಕಾ ಮನೆಯಿಂದ ಹೊರಗೆ ಬರಲೇ ಇಲ್ಲ. ಬಹಳ ಹೊತ್ತು ಕಾದು, ಮೊದಲ ಹಿಡಿಯನ್ನು ಚನ್ನಬಸಪ್ಪನವರು ತಾವೇ ಹಾಕಿಕೊಂಡರು. ನಾನು ಪರದೆ ಬಿಚ್ಚಿ ಧಾರವಾಡದ ಬಸ್ಸು ಹತ್ತಿದೆ. ಕಾಕಾನ ಬೋಳು ಮಡಿಗಳು ನನ್ನ ಪ್ರಬಂಧದಲ್ಲಿ ಒಂದು ಕೋಷ್ಟಕವಾದವು. ಪರೀಕ್ಷಕರು ಅದನ್ನು ಬಹಳ ಮೆಚ್ಚಿಕೊಂಡರು.

ಗದಗಿನ ಟಿಕೀಟು ಕೈಯಲ್ಲಿದ್ದಂತೆಯೇ ಅಣ್ಣಿಗೇರಿಯಲ್ಲಿ ಇಳಿದೆ. ಕಾಕಾ ಕಟ್ಟೆಯ ಮೇಲೆ ಕೂತಿದ್ದರು, ಎಂಬತ್ತು ದಾಟಿದ ಜೀವ. ಕಣ್ಣು ಕಿರಿದು ಮಾಡಿ ನೋಡಿ, "ಹಲ್ಲುಕಡ್ಡಿ ಸಾಹೇಬ್ರು! ಬರ್ರಿ, ಬರ್ರಿ" ಅಂದರು. ಸೊಸೆ ಚಹಾ ತಂದಿಟ್ಟಳು. ನಾನು ಪೀಳಿಗೆ, ಪರಾಗ, ಗುಣಾಣು ಎಂದು ಶುರುಮಾಡಿದೆ. "ತಿಳೀಲಿಲ್ರಿ" ಅಂದರು. ಇನ್ನೊಂದು ರೀತಿ ಹೇಳಿದೆ. ಅದೂ ತಿಳಿಯಲಿಲ್ಲ.

"ತಪ್ಪು ನಂದು ಕಾಕಾ. ನಾ ಕೊಟ್ಟ ಬೀಜಾನಽ ಕಸುವಿಲ್ಲದ್ದು. ನಿಮ್ಮ ಕೈಯಾಗ ಏನೂ ಐಬಿರಲಿಲ್ಲ."

"ನಿಮಗ್ಯಾವಾಗ ಗೊತ್ತಾತು?"

"ಆವತ್ತಽ ಗೊತ್ತಿತ್ರಿ."

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿದ್ದೆ. ಅವರು ಸೊಸೆಯನ್ನು ಕರೆದು, "ಇಕಿ ಮುಂದ ಇನ್ನೊಮ್ಮೆ ಹೇಳ್ರಿ" ಅಂದರು. ಹೇಳಿದೆ. ಆಮೇಲೆ ಟೊಪ್ಪಿಗೆ ಸರಿಮಾಡಿಕೊಂಡು, ನನ್ನ ಮಣಿಕಟ್ಟು ಹಿಡಿದು ಎದ್ದರು. "ನಡೀರಿ, ಹೋಗೂಣು."

ಬೀಜ ಹಂಚಿಕೊಂಡಿದ್ದ ಮೊದಲ ಮನೆಯಲ್ಲಿ ಹಳಬರ ಮಗನಿದ್ದ. ಮೊಬೈಲು ನೋಡುತ್ತಲೇ "ಹೌದೇನ್ರಿ" ಅಂದ. ಎರಡನೆಯ ಮನೆಯ ಅಜ್ಜಿಗೆ ಕಿವಿ ಮಂದ. ಕಾಕಾ ತಾವೇ ಕೂಗಿ ಹೇಳಿದರು, "ನನ್ನ ಕೈ ಕೆಟ್ಟಿದ್ದಿಲ್ಲಂತಬೇ! ಸಾಹೇಬ್ರು ಹೇಳಾಕ ಬಂದಾರ!" ಅಜ್ಜಿ ನಕ್ಕು ತಲೆಯಾಡಿಸಿದಳು.

ಚನ್ನಬಸಪ್ಪನವರ ಮನೆಯ ಮುಂದೆ ಕಾಕಾ ನಿಂತರು. ಬಾಗಿಲು ತೆರೆದಿತ್ತು. ಪಡಸಾಲೆಯ ಗೋಡೆಯ ಮೇಲೆ ಮಾಲೆ ಹಾಕಿದ ಅವರ ಫೋಟೋ ಹೊರಗಿನಿಂದಲೇ ಕಾಣುತ್ತಿತ್ತು. ಹೋಗಿ ಎರಡು ವರ್ಷವಾಯಿತಂತೆ.

"ಪ್ರತಿ ಬಿತ್ತಿಗಿಗೆ ಎತ್ತು ಹೂಡಿ ನನ್ನ ದಾರಿ ಕಾಯತಿದ್ದ" ಅಂದರು ಕಾಕಾ. "ಬಾರೋ ಇಮಾಮಾ, ಕೆಟ್ಟರ ನನ್ನ ಬೆಳಿ ಕೆಡ್ಲಿ ಅಂತಿದ್ದ. ನಾನಽ ಹೋಗಲಿಲ್ಲ. ನನ್ನ ಕೈ ತಾಗಿ ಅವನ ಹೊಲ ಹಾಳಾದೀತು ಅಂತ ಒಂದು ಸಲಾನೂ ಹೋಗಲಿಲ್ಲ."

ಅವರು ಅಲ್ಲಿಯವರೆಗೂ ಹಿಡಿದಿದ್ದ ನನ್ನ ಮಣಿಕಟ್ಟು ಬಿಟ್ಟು, ಒಬ್ಬರೇ ಒಳಗೆ ಹೋದರು.