ತಲೆಯ ಮೇಲಿನ ಚುಕ್ಕಿಗಳು

ಪಾಶ್ಚಾತ್ಯ ಪಿಟೀಲಿನ ಪರೀಕ್ಷೆಗೆಂದು ಜಯನಗರದ ಆ ಕಟ್ಟಡದ ಮೆಟ್ಟಿಲ ಮೇಲೆ ಕಾಯುತ್ತಿದ್ದಾಗ ನನ್ನ ಬೆರಳುಗಳು ತಣ್ಣಗಾಗಿದ್ದವು. ತೇರ್ಗಡೆಯಾದರೆ ಜೂನ್‌ನಿಂದ ಬನಶಂಕರಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ಪಿಟೀಲು ಕಲಿಸುವ ಕೆಲಸ, ಇಲ್ಲವಾದರೆ ಇಲ್ಲ. ಎಂ.ಎ. ಮುಗಿಸಿ ವರ್ಷವಿಡೀ ಮನೆಯಲ್ಲಿ ಕುಳಿತಿದ್ದವಳಿಗೆ ಅದು ಸಣ್ಣ ಮಾತಲ್ಲ.

ಭಯಕ್ಕೆ ಕಾರಣವಿತ್ತು. ನಾನು ಚಿಕ್ಕಂದಿನಿಂದ ಕಲಿತದ್ದು ಕರ್ನಾಟಕ ಸಂಗೀತ. ಪಾಶ್ಚಾತ್ಯ ಪಾಠ ಕೊಟ್ಟ ಮೇಷ್ಟ್ರು ಎರಡು ವರ್ಷವೂ ಸ್ವರಲಿಪಿಯ ಪುಸ್ತಕ ತೆರೆಸಲಿಲ್ಲ; ತಾವು ನುಡಿಸುತ್ತಿದ್ದರು, ನಾನು ಕೇಳಿ ಒಪ್ಪಿಸುತ್ತಿದ್ದೆ. "ಓದೋದು ತಾನಾಗೇ ಬರುತ್ತೆ ಬಿಡಿ ಮೇಡಂ, ನಿಮ್ಮ ಕಿವಿ ಸಖತ್ತಾಗಿದೆ" ಎನ್ನುತ್ತಿದ್ದರು. ಪಾಶ್ಚಾತ್ಯ ಸಂಗೀತ ಬರೆಯುವ ಐದು ಗೆರೆಗಳಲ್ಲಿ ಯಾವ ಸ್ವರ ಎಲ್ಲಿ ಕೂರುತ್ತದೆಂಬುದನ್ನು ನಾನೇ ಬಿಡಿಸಿಕೊಂಡಿದ್ದೆ. ಉಳಿದ ಗುರುತುಗಳನ್ನು ನಮ್ಮ ಪದ್ಧತಿಯಂತೆ ಊಹಿಸಿದ್ದೆ.

ಕಂಠಪಾಠದ ಮೂರು ಕೃತಿಗಳು ಸರಾಗವಾಗಿ ಸಾಗಿದವು. ಆಮೇಲೆ ಪರೀಕ್ಷಕಿ ನಾನೆಂದೂ ನೋಡದ ಪುಟವೊಂದನ್ನು ಓದಿ ನುಡಿಸಲು ಮುಂದಿಟ್ಟರು. ಸ್ವರಗಳ ತಲೆಯ ಮೇಲೆ ಸಾಲಾಗಿ ಚುಕ್ಕಿಗಳು. ನಮ್ಮಲ್ಲಿ ಸ್ವರದ ಮೇಲೆ ಚುಕ್ಕಿಯಿಟ್ಟರೆ ಅದು ತಾರಸ್ಥಾಯಿ. ಹಾಗಾಗಿ ಪ್ರತಿ ಚುಕ್ಕಿಗೂ ಮೇಲಿನ ಸ್ಥಾಯಿಗೆ ನೆಗೆದೆ. ಪಿಟೀಲು ಕಿರುಚಿತು. ಗೆರೆಗಳ ಕೆಳಗೆ ಇಂಗ್ಲಿಷಿನ 'ಪಿ' ಅಕ್ಷರ ಕಂಡಲ್ಲೆಲ್ಲ ನಮ್ಮ 'ಪ', ಅಂದರೆ ಪಂಚಮವೆಂದುಕೊಂಡು ಅದನ್ನೂ ಎಳೆದೆ, ಬಲವಾಗಿ.

"ಸ್ಟಾಪ್, ಸ್ಟಾಪ್! ಏನಮ್ಮ, ಬೆಕ್ಕಿನ ಬಾಲ ತುಳಿದ್ರಾ?" ಪರೀಕ್ಷಕಿ ಕನ್ನಡಕ ತೆಗೆದರು. "ಚುಕ್ಕಿ ಇದ್ರೆ ಚುಟುಕಾಗಿ ನುಡಿಸಿ ಬಿಡ್ಬೇಕು. ಪಿ ಅಂದ್ರೆ ಮೆಲ್ಲಗೆ. ಯಾರೂ ಹೇಳ್ಕೊಡ್ಲಿಲ್ವಾ?"

"ಇಲ್ಲ ಮೇಡಂ" ಎಂದೆ.

ಮೂರು ವಾರಗಳ ನಂತರ ಫಲಿತಾಂಶ ಬಂತು: ತೇರ್ಗಡೆ. ಓದುವುದಕ್ಕೆ ಇಟ್ಟಿದ್ದ ಅಂಕಗಳು ಅಷ್ಟು ಕಡಿಮೆ; ಕಂಠಪಾಠವೇ ನನ್ನನ್ನು ದಾಟಿಸಿತ್ತು. ಸೋಲಿನ ಭಯ ಹೋಗಿ ಅದಕ್ಕಿಂತ ದೊಡ್ಡದು ಹಿಡಿಯಿತು. ಓದಲಾರದವಳನ್ನು ಶಿಕ್ಷಕಿಯೆಂದು ಸಾರುವ ಆ ಕಾಗದಕ್ಕೆ ಯಾರು ಹೊಣೆ? ಅಂಕ ಹಂಚಿದವರೋ, ಕಲಿಸಿದವರೋ, ಎರಡು ವರ್ಷ ಬಾಯಿಮುಚ್ಚಿ ಕುಳಿತ ನಾನೋ? ಜೆ.ಪಿ. ನಗರದಲ್ಲಿದ್ದ ಮೇಷ್ಟ್ರ ತರಗತಿಗೆ ನೇರವಾಗಿ ಹೋದೆ.

"ಓದೋದು ಯಾಕೆ ಕಲಿಸ್ಲಿಲ್ಲ, ಸಾರ್?"

"ಪಾಸಾಯ್ತಲ್ಲ ಮೇಡಂ! ಸ್ವೀಟ್ ತರೋದು ಬಿಟ್ಟು ಜಗಳಕ್ಕೆ ಬಂದ್ರಾ?"

ಪುಸ್ತಕ ತೆರೆದು ಚುಕ್ಕಿಗಳಿದ್ದ ಪುಟವನ್ನು ಅವರ ಮುಂದಿಟ್ಟೆ. "ಈ ಸಾಲು ನುಡಿಸಿ."

ಮೇಷ್ಟ್ರು ಕಮಾನು ಎತ್ತಿದರು, ಇಳಿಸಿದರು. "ಬಾಗಿಲು ಸ್ವಲ್ಪ ಹಾಕ್ತೀರಾ?" ಎಂದರು. "ನನಗೂ ಕೇಳಿಸಿಯೇ ಕಲಿಸಿದ್ದು. ಆ ಪರೀಕ್ಷಕಿ ಈ ಚುಕ್ಕಿಗಳಿಗೆ... ಏನಂದ್ರು?"

ಅವರ ಮುಖದಲ್ಲಿದ್ದದ್ದು ನನ್ನದೇ ಭಯ, ನನ್ನದಕ್ಕಿಂತ ಎಷ್ಟೋ ವರ್ಷ ಹಳೆಯದು. ಆದರೂ ಕ್ಷಮಿಸಲಾಗಲಿಲ್ಲ; ಹೊರಗಿನ ಬೆಂಚಿನ ಮೇಲೆ ಆರು ಮಕ್ಕಳು ಪಿಟೀಲು ಹಿಡಿದು ತಮ್ಮ ಸರದಿಗೆ ಕಾಯುತ್ತಿದ್ದರು.

ಮರುದಿನ ಶಾಲೆಗೆ ಫೋನ್ ಮಾಡಿ, "ನನಗೆ ನೊಟೇಶನ್ ಓದಕ್ಕೆ ಬರಲ್ಲ, ಕೆಲಸಕ್ಕೆ ಸೇರಕ್ಕಾಗಲ್ಲ" ಎಂದೆ.

ಪ್ರಾಂಶುಪಾಲರು ನಕ್ಕರು. "ಅಯ್ಯೋ, ಸರ್ಟಿಫಿಕೇಟ್ ಇದೆಯಲ್ಲ ಮೇಡಂ, ಅಷ್ಟು ಸಾಕು. ಬನ್ನಿ."

ಬರುವುದಿಲ್ಲವೆಂದು ಎರಡನೆಯ ಸಲ ಹೇಳಬೇಕಾಯಿತು.