ಕನ್ನಡಿ ಕಂಡರೆ ನೆಟ್ಟಗಾಗುವ ದವಡೆ

ಹಲ್ಲಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹದಿನಾಲ್ಕು ವರ್ಷದಿಂದ ಸ್ಕ್ಯಾನ್ ತೆಗೆಯುವ ಅವಳನ್ನು ಎಲ್ಲರೂ ಕರೆಯುವುದು ಸ್ಕ್ಯಾನಕ್ಕ ಎಂದೇ. ಮನೆಯಲ್ಲಿ ತಮ್ಮನೂ ಹಾಗೇ ರೇಗಿಸುತ್ತಾನೆ. ರೋಗಿ ಕೂದಲೆಳೆಯಷ್ಟು ಅಲ್ಲಾಡಿದರೂ ಚಿತ್ರ ಕೆಡುತ್ತದೆ. ಅದಕ್ಕೇ ಅವಳು ಯಂತ್ರದ ಎದುರು ಅಂಗೈಯಗಲದ ಕನ್ನಡಿಯೊಂದನ್ನು ಅಂಟಿಸಿದ್ದಳು. "ನಿಮ್ಮ ಕಣ್ಣನ್ನೇ ನೋಡ್ತಾ ಇರಿ" ಎಂದರೆ ಸಾಕು, ಎಂಥವರೂ ಗೊಂಬೆಯಂತೆ ಕೂರುತ್ತಿದ್ದರು.

ದವಡೆ ಒಂದು ಕಡೆಗೆ ವಾಲಿದ ವಯಸ್ಕರ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಡಾಕ್ಟರಮ್ಮನಿಗೆ ಮೂರು ಆಯಾಮದ ಚಿತ್ರಗಳನ್ನು ತೆಗೆದುಕೊಡುತ್ತಿದ್ದವಳು ಅವಳೇ. ಹಾಗೆ ಬಂದವರಲ್ಲಿ ಒಬ್ಬ ಬಸ್ ಕಂಡಕ್ಟರಮ್ಮನಿಗೆ ಇವತ್ತು ಹನ್ನೊಂದಕ್ಕೆ ಆಪರೇಷನ್. ಮೂಳೆ ಎಲ್ಲಿ ಕತ್ತರಿಸಬೇಕು, ಎಷ್ಟು ಸರಿಸಬೇಕು ಎಂಬುದೆಲ್ಲ ಆ ಚಿತ್ರವನ್ನೇ ನಂಬಿತ್ತು.

ಹತ್ತೂಕಾಲಿಗೆ ಕಂಡಕ್ಟರಮ್ಮ ಆಪರೇಷನ್ ಗೌನಿನಲ್ಲೇ ಕೆಳಗಿಳಿದು ಬಂದಳು.

"ಅಕ್ಕಾ, ಒಂದ್ಸಲ ನಿಮ್ಮ ಕನ್ನಡಿ ನೋಡ್ಕೊಳ್ಲಾ? ಈ ಮೂತಿಗೆ ಟಾಟಾ ಹೇಳ್ಬಿಡ್ತೀನಿ."

ನಕ್ಕಾಗ ಅವಳ ಗಲ್ಲ ಎಡಕ್ಕೆ ವಾಲಿತ್ತು. ಕನ್ನಡಿಗೆ ಮುಖ ಒಡ್ಡಿದ್ದೇ ತಡ, ಮೆಲ್ಲಗೆ ನಡುವಿಗೆ ಬಂತು.

ಸ್ಕ್ಯಾನಕ್ಕ ಹತ್ತಿರ ಬಗ್ಗಿ ನೋಡಿದಳು. "ಈಗೇನ್ ಮಾಡಿದ್ರಿ? ದವಡೆ ಸರಿಸಿದ್ರಲ್ಲ!"

"ಓ, ಅದಾ? ಕನ್ನಡಿ ಕಂಡ್ರೆ ತಾನಾಗೇ ಹೋಗತ್ತೆ. ಚಿಕ್ಕಂದಿನಿಂದ್ಲೂ ಹಾಗೇ."

ಸ್ಕ್ಯಾನಕ್ಕ ಹಳೆಯ ಚಿತ್ರ ತೆರೆದಳು. ಎಡಗಿವಿಯ ಮುಂದೆ, ದವಡೆ ಮೂಳೆಯ ತುದಿಯ ಗುಂಡು ತಾನು ಕೂರಬೇಕಾದ ಗುಳಿಯಿಂದ ಈಚೆಗೆ ಜಾರಿ ನಿಂತಿತ್ತು. ಅದನ್ನೂ ಕಾಯಿಲೆಯ ಲೆಕ್ಕಕ್ಕೇ ಹಾಕಿದ್ದರು. ಅವಳು ಲಿಫ್ಟಿಗೂ ಕಾಯದೆ ಮೂರು ಮಹಡಿ ಓಡಿದಳು.

ಡಾಕ್ಟರಮ್ಮ ಆಪರೇಷನ್ನಿಗೆಂದು ಕೈ ತೊಳೆಯುತ್ತಿದ್ದರು.

"ಮೇಡಂ, ಆಪರೇಷನ್ ಬೇಡ. ಅಳತೆ ತಪ್ಪಿದೆ."

"ತಲೆ ನೆಟ್ಟಗಿದ್ಯೇನಮ್ಮಾ? ಒಳಗೆ ಎಲ್ಲಾ ಕಾಯ್ತಿದಾರೆ!"

"ತಪ್ಪು ನಂದೇ. ಕನ್ನಡಿ ಇಟ್ಟಿದ್ದು ನಾನು." ಏದುಸಿರು ಬಿಡುತ್ತಲೇ ಎಲ್ಲ ಹೇಳಿದಳು.

ಡಾಕ್ಟರಮ್ಮ ನಲ್ಲಿ ನಿಲ್ಲಿಸಿದರು. "ಮುಖದ ಮೇಲೆ ಅಳೆದಾಗ ವಾಲಿದ್ದು ಜಾಸ್ತಿ ಬಂದಿತ್ತು. ನಾನೇ ಚಿತ್ರ ನಂಬಿದೆ. ನಡಿ."

ಕನ್ನಡಿ ಕಿತ್ತು, ದವಡೆ ತನ್ನ ಜಾಗಕ್ಕೆ ಕೂರಲೆಂದು ಕಂಡಕ್ಟರಮ್ಮನಿಗೆ ಉಗುಳು ನುಂಗಿ ಹಿಂದಿನ ಹಲ್ಲು ಕಚ್ಚಲು ಹೇಳಿ, ಮತ್ತೊಮ್ಮೆ ಸ್ಕ್ಯಾನ್ ತೆಗೆದರು. ವಾಲಿದ್ದು ಹಳೆಯ ಚಿತ್ರದಲ್ಲಿದ್ದಂತೆ ಮೂರು ಮಿಲಿಮೀಟರ್ ಅಲ್ಲ, ಏಳು.

"ಇವತ್ತು ಆಪರೇಷನ್ ಇಲ್ಲ," ಎಂದರು ಡಾಕ್ಟರಮ್ಮ.

"ಹಾಗಾದ್ರೆ ಏನಾದ್ರೂ ತಿನ್ಬಹುದಾ? ನಿನ್ನೆಯಿಂದ ಉಪವಾಸ," ಎಂದಳು ಕಂಡಕ್ಟರಮ್ಮ. ಡಾಕ್ಟರಮ್ಮ ಹೂಂ ಎಂದು ತಲೆಯಾಡಿಸಿದರು.

ಅವಳು ಹೋದ ಮೇಲೆ ಡಾಕ್ಟರಮ್ಮ ಕೇಳಿದರು: "ಇನ್ನೆಷ್ಟು ಜನ ಈ ಕನ್ನಡಿ ನೋಡ್ಕೊಂಡು ಕೂತಿದ್ರು?"

"ಮೂವತ್ತೊಂದು. ನಿಮ್ಮ ಸಂಶೋಧನೆಯವರು ಎಲ್ಲರೂ."

ಡಾಕ್ಟರಮ್ಮ ಸ್ಟೂಲ್ ಎಳೆದುಕೊಂಡರು. "ಒಂದೊಂದೇ ತೆಗಿ."

ಮೊದಲ ಚಿತ್ರದಲ್ಲಿ ಗುಂಡು ಗುಳಿಯೊಳಗೇ ಇತ್ತು. ಎರಡನೆಯದರಲ್ಲಿ ಇರಲಿಲ್ಲ.