ಆಡಿನ ಮರಿಗೆ ಹೆಣೆದ ಅಂಗಿ

ಹೆಣಿಗೆ ಕಲಿಯುವುದಕ್ಕೆ ಆಳಂದದಂಥ ತಪ್ಪು ಊರು ಇನ್ನೊಂದಿಲ್ಲ. ಶಿವರಾತ್ರಿ ದಾಟಿತೆಂದರೆ ನಮ್ಮ ಕಡೆ ಮೈಮೇಲಿನ ಬಟ್ಟೆಯೇ ಭಾರ. ಯುಗಾದಿಯ ಹೊತ್ತಿಗೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟಿಕೊಂಡು ಮನೆತನಕ ಬರುತ್ತದೆ. ಅಂಥ ಊರಿನಲ್ಲಿ, ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ, ಪಿಯುಸಿ ಮುಗಿಸಿ ಮನೆಯಲ್ಲಿ ಕುಳಿತಿದ್ದ ನಾನು ಎರಡು ಸೂಜಿ ಹಿಡಿದು ಸ್ವೆಟರ್ ಹೆಣೆಯಲು ಹೊರಟಿದ್ದೆ.

ಕಲಿಸಿದವರು ನಮ್ಮ ಮನೆಯ ಹಿಂಬದಿಯ ಮನೆಗೆ ಬಾಡಿಗೆಗೆ ಬಂದ ಮೇಡಂ. ಅವರ ಗಂಡ ಬ್ಯಾಂಕಿನವರು, ಅಫಜಲಪುರದಿಂದ ವರ್ಗವಾಗಿ ಬಂದಿದ್ದರು. ಮೇಡಂ ಹುಟ್ಟಿ ಬೆಳೆದದ್ದು ಮಾತ್ರ ಎಲ್ಲೋ ಉತ್ತರದ ಗುಡ್ಡಗಾಡಿನಲ್ಲಿ. ಅಲ್ಲಿ ಹೆಂಗಸರು ಮಾತಾಡುತ್ತ, ನಡೆಯುತ್ತ, ಜಗಳಾಡುತ್ತ ಹೆಣೆಯುತ್ತಾರಂತೆ. ಇಲ್ಲಿ ಹಣೆಯಿಂದ ಬೆವರು ತೊಟ್ಟಿಕ್ಕುತ್ತಿದ್ದರೂ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಅವರದು ಶುದ್ಧ ಹಿಂದಿ, ನನ್ನದು ಬಜಾರದ ದಖನಿ ಉರ್ದು. ನಡುವೆ ‘ಸೀದಾ’, ‘ಉಲ್ಟಾ’ ಎಂಬ ಎರಡು ಹೆಣಿಗೆಗಳು. ಅಷ್ಟರಲ್ಲಿ ವಿದ್ಯೆ ನಡೆಯಿತು.

ನನಗೆ ಅವಸರವಿತ್ತು. ಅಣ್ಣನ ಹೆಂಡತಿ, ನಮ್ಮ ವೈನಿ, ಕುಬಸ, ಅಂದರೆ ಸೀಮಂತ, ಮುಗಿಸಿಕೊಂಡು ಹೆರಿಗೆಗೆಂದು ಜೇವರ್ಗಿಯ ತವರಿಗೆ ಹೋಗಿದ್ದರು. ಕೂಸು ಹುಟ್ಟಿದರೆ ನಾನು ಸೋದರತ್ತೆ. ತೊಟ್ಟಿಲಲ್ಲಿ ಹಾಕುವ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆಯೇ. ಹಾಗೆ ಬಗ್ಗಿ ಹೇಳುವಾಗ ಸುತ್ತಲಿನ ಹೆಂಗಸರೆಲ್ಲ ಅವಳ ಬೆನ್ನಿಗೆ ಧಡಧಡ ಗುದ್ದುತ್ತಾರೆ. ಯಾಕೆ ಎಂದು ಯಾರನ್ನಾದರೂ ಕೇಳಿದರೆ ಇನ್ನೊಂದು ಗುದ್ದು ಬೀಳುತ್ತದೆ, ಉತ್ತರ ಸಿಗುವುದಿಲ್ಲ. ಗುದ್ದು ಹೇಗೂ ತಪ್ಪದು. ಆದರೆ ಗುದ್ದು ತಿನ್ನುವ ಹೊತ್ತಿನಲ್ಲಿ ಕೂಸಿನ ಮೈಮೇಲೆ ನನ್ನ ಕೈಯ ಅಂಗಿಯೇ ಇರಬೇಕು ಎಂದು ನಾನು ಹಟ ಹಿಡಿದಿದ್ದೆ. ಆ ಬೇಸಿಗೆಯಲ್ಲಿ ನನಗೆ ಬೇಕಾಗಿದ್ದದ್ದು ಅದೊಂದೇ.

ಅಡ್ಡ ನಿಂತವಳು ಅವ್ವ.

“ಕೂಸು ಕಣ್ಣು ಬಿಡೋತನಕ ಈ ಮನ್ಯಾಗ ಅದರ ಸಲವಾಗಿ ಒಂದು ದಾರಾನೂ ಬರಬಾರದು,” ಎಂದುಬಿಟ್ಟಳು. ಅಟ್ಟದ ಮೇಲಿನ ತೊಟ್ಟಿಲ ಧೂಳು ಒರೆಸಲೂ ಬಿಡಲಿಲ್ಲ.

“ಹುಟ್ಟಿದ ಮ್ಯಾಲ ತೊಟ್ಟಿಲಕ್ಕ ಹಾಕೂದು ಎಷ್ಟು ದಿನಕ್ಕವ್ವಾ? ಅಷ್ಟರಾಗ ನಾ ಒಂದು ತೋಳು ಮುಗಸಿದ್ರ ಪುಣ್ಯ! ಉಳಿದ ಮೈಗೇನು ಭಸ್ಮಾ ಹಚ್ಚೂದೇನು?” ಎಂದು ನಾನೂ ಏರಿದ ದನಿಯಲ್ಲೇ ಕೇಳಿದೆ. ನನ್ನ ಮೂಗಿನ ತುದಿಯ ಸಿಟ್ಟಿಗೆ ಬೇಸಿಗೆ ಚಳಿಗಾಲ ಅಂತೇನೂ ಇರಲಿಲ್ಲ.

ಅವ್ವ ಬಯ್ಯುತ್ತಾಳೆಂದುಕೊಂಡಿದ್ದೆ, ಬಯ್ಯಲಿಲ್ಲ. ಜೋಳ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟಳು. “ನಿಮ್ಮಣ್ಣಗಿಂತ ಮೊದಲ ಒಂದು ಇತ್ತು. ನನಗೂ ನಿನ್ನಂಗ ಭಾಳ ಹುರುಪು. ಏಳು ತಿಂಗಳ ತುಂಬೂದ್ರಾಗ ಕುಂಚಿಗಿ ಹೊಲದು, ಕಸೂತಿ ಹಾಕಿ, ತಯಾರ ಇಟ್ಟಿದ್ದೆ. ಕೂಸು ಉಳೀಲಿಲ್ಲ. ಕುಂಚಿಗಿ ಇನ್ನಾ ಟ್ರಂಕಿನ್ಯಾಗ ಅದ. ಯಾರೂ ತೊಟ್ಟಿಲ್ಲ.” ಕುಂಚಿಗೆ ಎಂದರೆ ನಮ್ಮ ಕಡೆ ಕೂಸಿನ ತಲೆಯಿಂದ ಬೆನ್ನಿನವರೆಗೂ ಇಳಿಯುವ ಟೊಪ್ಪಿಗೆ. ಅವ್ವನಿಗೆ ಹಾಗೊಂದು ಕೂಸಿತ್ತೆಂದು ನನಗೆ ಗೊತ್ತಾದದ್ದು ಅವತ್ತೇ. ಅವಳು ಕೆಳಗಿಟ್ಟ ಮೊರವನ್ನು ನಾನೇ ಎತ್ತಿಕೊಂಡು ಜೋಳ ಹಸನು ಮಾಡತೊಡಗಿದೆ. ಆದರೆ ಹಟ ಹೋಗಲಿಲ್ಲ. ಕದ್ದು ಹೆಣೆಯುವುದೆಂದು ತೀರ್ಮಾನಿಸಿದೆ.

ಮೇಡಂ ಹತ್ತಿರ ಬಣ್ಣದ ಚಿತ್ರಗಳ ಒಂದು ಹೆಣಿಗೆ ಪುಸ್ತಕವಿತ್ತು. ಅದರಲ್ಲಿ ವಸಂತ ಋತುವಿಗೆಂದೇ ಒಂದು ಭಾಗ. ಹಾಲಿನಂಥ ಮಕ್ಕಳು ಹೂವಿನ ನಡುವೆ ಕುಳಿತು ನಗುತ್ತಿದ್ದವು. ಮೈಮೇಲೆ ಉದ್ದ ತೋಳಿನ ಉಣ್ಣೆ ಅಂಗಿ, ಕಾಲರು, ಟೊಪ್ಪಿಗೆ, ಕಾಲುಚೀಲ, ಸಾಲದ್ದಕ್ಕೆ ಕೈಗವಸು! “ವಸಂತದಲ್ಲಿ ಕೈಗವಸೇ?” ಎಂದೆ. “ಸಂಜೆ ತಣ್ಣಗಿರುತ್ತದಲ್ಲ,” ಎಂದರು ಮೇಡಂ. ಮರುಕ್ಷಣವೇ ಆಳಂದದ ಸಂಜೆ ನೆನಪಾಗಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. ನಾವಿಬ್ಬರೂ ಆ ಚಿತ್ರದ ಕೂಸಿನ ಬಟ್ಟೆ ಕಳಚುತ್ತ ಹೋದೆವು. ಕೈಗವಸು ಹೋಯಿತು, ಕಾಲುಚೀಲ ಹೋಯಿತು, ಟೊಪ್ಪಿಗೆ, ಕಾಲರು ಹೋದವು. ತೋಳು ಮೊಣಕೈಗೆ ಬಂತು. ನನಗೆ ಅದೂ ಹೆಚ್ಚೆನಿಸಿತು. ಕೊನೆಗೆ ಎಲೆಯಾಕಾರದ ತೂತುಗಳಿರುವ ಒಂದು ವಿನ್ಯಾಸ ಆರಿಸಿದೆ. ಗಾಳಿಯಾಡಲೆಂದು ತೂತುಗಳನ್ನು ಇನ್ನಷ್ಟು ಒತ್ತೊತ್ತಾಗಿ ಹಾಕೋಣವೆಂದಾಗ ಮೇಡಂ ಕೈಮುಗಿದರು. “ಸಾಕಮ್ಮ, ಇದು ಅಂಗಿ, ಮೀನಿನ ಬಲೆಯಲ್ಲ.”

ದಾರ ತರುವುದಕ್ಕೆ ಸೊಲ್ಲಾಪುರಕ್ಕೇ ಹೋಗಬೇಕು. ಅಣ್ಣ ತನ್ನ ಕಿರಾಣಿ ಅಂಗಡಿಯ ಸಾಮಾನಿಗೆ ಹೊರಟಿದ್ದ. ಸೀರೆಗೆ ಫಾಲ್ ತರಬೇಕೆಂದು ಅವ್ವನಿಗೆ ಹೇಳಿ ನಾನೂ ಬಸ್ಸು ಹತ್ತಿದೆ. ಹಿರೋಳ್ಳಿ ದಾಟುವಷ್ಟರಲ್ಲಿ ಅಣ್ಣನಿಗೆ ಗುಟ್ಟು ಹೇಳಿದೆ. ಅಪ್ಪನಾಗುವ ಸಂಭ್ರಮದಲ್ಲಿ ಅವನಿಗೆ ಕಾಲು ನೆಲದ ಮೇಲಿರಲಿಲ್ಲ, ನನಗಿಂತ ಮುಂದೆ ಅಂಗಡಿ ಹೊಕ್ಕ.

“ಯಾರ ಸಲವಾಗ್ರಿ?” ಎಂದು ಅಂಗಡಿಯವನು ಕೇಳಿದ.

“ಇನ್ನಾ ಹುಟ್ಟಿಲ್ರಿ,” ಎಂದ ಅಣ್ಣ ಜೋರಾಗಿ.

ನಾನು ಅವನ ಕೈಯನ್ನು ಗಿಲ್ಲಿ, “ಗೊಂಬಿಗ್ರಿ, ಗೊಂಬಿಗೆ!” ಎಂದೆ. ಅಂಗಡಿಯವನು ನಮ್ಮಿಬ್ಬರನ್ನೂ ನೋಡಿ, ಆಳಂದದವರೇ ಇರಬೇಕೆಂದು ಖಾತ್ರಿ ಮಾಡಿಕೊಂಡಂತೆ ತಲೆಯಾಡಿಸಿ ದಾರದ ಲಡಿಗಳನ್ನು ಹರವಿದ.

ಕೂಸಿನ ದಾರವನ್ನು ಕಣ್ಣಿನಿಂದ ಆರಿಸಬಾರದು, ಕುತ್ತಿಗೆಯಿಂದ ಆರಿಸಬೇಕು ಎಂದು ಮೇಡಂ ಹೇಳಿ ಕಳಿಸಿದ್ದರು. ಗದ್ದದ ಕೆಳಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಅಡ್ಡಾಡಬೇಕು, ತುರಿಸಿದರೆ ಬೇಡ. ನಾನು ಒಂದೊಂದೇ ಲಡಿಯನ್ನು ಗದ್ದಕ್ಕೆ ಒತ್ತಿಕೊಂಡು ಅಂಗಡಿಯ ತುಂಬ ತಿರುಗಿದೆ. ಗುಲಾಬಿ ಬಣ್ಣದ ಉಣ್ಣೆ ಚುಚ್ಚಿತು. ನೀಲಿಯದು ಮೆತ್ತಗಿತ್ತು, ಆದರೆ ಆ ಸೆಕೆಗೆ ಕುತ್ತಿಗೆ ಬೆಂದಂತಾಯಿತು. ಅಣ್ಣನಿಗೆ ತಡೆಯಲಾಗಲಿಲ್ಲ. “ಕೂಸು ನಂದದ, ನಾನೂ ನೋಡ್ತೇನಿ,” ಎಂದು ಹತ್ತಿಯ ದಾರದ ಲಡಿಯೊಂದನ್ನು ತನ್ನ ಗದ್ದಕ್ಕೆ ಉಜ್ಜಿದ. ಅವನ ಗಡ್ಡ ಕತ್ತಿ ಕಂಡು ವಾರವಾಗಿತ್ತು. ಎಳೆಗಳೆಲ್ಲ ಅದರಲ್ಲಿ ಸಿಕ್ಕಿಕೊಂಡವು. ಎಳೆದಷ್ಟೂ ಬಿಗಿಯಾದವು. ಅಂಗಡಿಯವನು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದು, ಅಣ್ಣನ ಮುಖವನ್ನು ಬೆಳಕಿಗೆ ತಿರುಗಿಸಿ, ಒಂದೊಂದೇ ಎಳೆ ಬಿಡಿಸಿದ. “ಸಾಹೇಬ್ರ, ಬಣ್ಣ ಯಾವ್ದರ ಇರಲಿ, ಈ ದಾರಾನ ನೀವು ತಗೋಳಬೇಕು ಈಗ,” ಎಂದ. ಹೀಗೆ ನಮ್ಮ ಕೂಸಿಗೆ ಹತ್ತಿಯ ದಾರವೇ ನಿಕ್ಕಿಯಾಯಿತು. ನಿಜಕ್ಕೂ ಅದೇ ಒಳ್ಳೆಯದಿತ್ತು.

ಬಣ್ಣಕ್ಕೆ ಮತ್ತೆ ತಕರಾರು. ಮಣ್ಣು ಕಾಣದ ಬಣ್ಣ ಬೇಕೆಂದು ಅಣ್ಣ ಕಂದು ದಾರ ಹಿಡಿದ. “ಕೂಸಿಗೇನು ಗೋಣಿಚೀಲ ತೊಡಸ್ತಿದಿ?” ಎಂದು ಕಸಿದುಕೊಂಡೆ. ಕೊನೆಗೆ ಗಂಡಾಗಲಿ ಹೆಣ್ಣಾಗಲಿ ಒಪ್ಪುವಂತೆ, ತೊಗರಿ ಹೂವಿನ ಹಳದಿ ತೆಗೆದುಕೊಂಡೆವು. ಸೀರೆಯ ಫಾಲ್ ಮರೆತೇ ಹೋಯಿತು.

ಅವ್ವ ಮಲಗಿದ ಮಧ್ಯಾಹ್ನಗಳಲ್ಲಿ ಪಡಸಾಲೆಯ ಕಂಬದ ಮರೆಯಲ್ಲಿ ಕುಳಿತು ಹೆಣೆದೆ. ಬೆನ್ನು ಮುಗಿದು, ಎದೆಭಾಗ ಏರುತ್ತಿದ್ದಾಗ ಒಂದು ದಿನ ತಲೆಯ ಮೇಲೆಯೇ ದನಿ ಕೇಳಿತು.

“ಏನ ಮಾಡಾಕತ್ತೀದಿ ಬೇ?”

ಅವ್ವ! ಮುಚ್ಚಿಡಲು ಪುರುಸೊತ್ತಿರಲಿಲ್ಲ. ಎದುರಿಗೆ ನಮ್ಮ ಆಡಿನ ಮರಿ ನಿಂತು ಬುಟ್ಟಿಯ ಅಂಚು ಕಡಿಯುತ್ತಿತ್ತು. ಶಿವರಾತ್ರಿಯ ಸುಮಾರಿಗೆ ಹುಟ್ಟಿದ್ದು, ಮಹಾ ಕಿಲಾಡಿ.

“ಮರಿಗವ್ವಾ. ಆಡಿನ ಮರಿಗೆ ಅಂಗಿ ಹೆಣಿಯಾಕತ್ತೇನಿ.”

ಅವ್ವ ಅಂಗಿ ನೋಡಿದಳು, ಮರಿ ನೋಡಿದಳು, ನನ್ನ ಮುಖ ನೋಡಿದಳು. “ಇಂಥಾ ಬಿಸಲಾಗ?”

“ನೊಣ ಕಡೀತಾವಲ್ಲ, ಪಾಪ.”

“ಮತ್ತ ಇಷ್ಟು ತೂತು ಯಾಕ? ನೊಣ ಒಳಗ ಬರಲಿ ಅಂತೇನು?”

ಅವ್ವ ಅಂಗಿಯ ತೂತೊಂದರಲ್ಲಿ ಬೆರಳು ತೂರಿಸಿ ನೋಡಿ, “ಲಗೂನ ಮುಗಸು. ಮುಗಸಿ ಮರಿಗೆ ತೊಡಸು. ನಾ ನೋಡಬೇಕು,” ಎಂದು ಒಳಗೆ ಹೋದಳು.

ಆಡಿದ ಸುಳ್ಳು ಕೊರಳಿಗೆ ಬಿತ್ತು. ಮುಗಿಸಿದ ದಿನವೇ ಅವ್ವ ಮರಿಯನ್ನು ತೊಡೆಯ ನಡುವೆ ಹಿಡಿದು ಕುಳಿತಳು. ನಾನು ಅದರ ಮುಂಗಾಲುಗಳನ್ನು ತೋಳುಗಳಲ್ಲಿ ತೂರಿಸಿ ಬೆನ್ನ ಮೇಲೆ ಗುಂಡಿ ಹಾಕಿದೆ. ಹೇಳುವುದಕ್ಕೆ ಹೊಟ್ಟೆ ಉರಿಯುತ್ತದೆ, ಆದರೆ ಅಳತೆ ಬರೋಬ್ಬರಿ ಇತ್ತು. ಮರಿ ಒಂದು ಕ್ಷಣ ತನ್ನನ್ನು ತಾನೇ ನೋಡಿಕೊಂಡಿತು. ಆಮೇಲೆ ಗಾಳಿಯಲ್ಲಿ ನೆಗೆದು, ಅಂಗಳ ದಾಟಿ, ಓಣಿಗೆ ಹಾರಿತು. “ಏನ್ರಿ, ನಿಮ್ಮ ಮರಿ ಲಗ್ನಕ್ಕ ಹೊಂಟದೇನ್ರಿ?” ಎಂದು ಓಣಿಯ ಹೆಂಗಸರು ಕಟ್ಟೆಯ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಹಿಂದೆ ಓಡುತ್ತಿದ್ದೆ. ಮೇಡಂ ಕಿಟಕಿಯಿಂದ ನೋಡಿ, “ನನ್ನ ಎಲೆ ವಿನ್ಯಾಸ!” ಎಂದು ಕೂಗಿದ್ದು ಈಗಲೂ ಕಿವಿಯಲ್ಲಿದೆ.

ಒಂದು ದಿನಕ್ಕೆ ಮುಗಿಯುತ್ತದೆಂದುಕೊಂಡರೆ, ಇಲ್ಲ. ಅವ್ವ ದಿನಾ ಮುಂಜಾನೆ ಮರಿಗೆ ಅಂಗಿ ತೊಡಿಸುವಳು, ಸಂಜೆಗೆ ಬಿಚ್ಚಿ ಅಂಟವಾಳದ ನೊರೆಯಲ್ಲಿ ತೊಳೆದು ಒಣಹಾಕುವಳು. ನನಗೆ ನೆತ್ತಿಗೇರುವ ಸಿಟ್ಟು. ನನ್ನನ್ನು ಹೀಗೆ ಸತಾಯಿಸುವುದಕ್ಕಿಂತ ಕಪಾಳಕ್ಕೆ ಎರಡು ಕೊಟ್ಟಿದ್ದರೂ ಆಗುತ್ತಿತ್ತು. ಮರಿ ಅದೇ ಅಂಗಿಯಲ್ಲಿ ಮಾಳಿಗೆ ಏರಿತು, ಹಿಟ್ಟಿನ ಡಬ್ಬಿಯಲ್ಲಿ ಬಿತ್ತು, ಕೊನೆಗೆ ಬಲತೋಳಿನ ಅಂಚನ್ನು ತಾನೇ ತಿಂದುಹಾಕಿತು. ಅವತ್ತು ನಾನು ಕುಳಿತು ಅತ್ತುಬಿಟ್ಟೆ. ಅವ್ವ ಅಂಚನ್ನು ಕಪ್ಪು ದಾರದಿಂದ ಕಟ್ಟಿದಳು.

“ಹಳದಿ ದಾರ ಇನ್ನಾ ಅದಲ್ಲ, ಕರೀದು ಯಾಕ?” ಎಂದು ಮೂಗೊರೆಸಿಕೊಳ್ಳುತ್ತ ಕೇಳಿದೆ.

“ಮರಿಗೆ ಯಾವ್ದಾದ್ರೇನು ಬಿಡು,” ಎಂದಳು.

ನನ್ನ ಆಸೆಗೆ ಅಲ್ಲಿಗೆ ಎಳ್ಳುನೀರು ಬಿಟ್ಟೆ. ಯುಗಾದಿ ಕಳೆದು ಜೇವರ್ಗಿಯಿಂದ ಸುದ್ದಿ ಬಂತು. ಹೆಣ್ಣು ಕೂಸು, ಇಬ್ಬರೂ ಆರಾಮ. ಅವ್ವ ಕೊರಳಲ್ಲಿನ ಲಿಂಗವನ್ನು ಕಣ್ಣಿಗೆ ಒತ್ತಿಕೊಂಡು ಬಹಳ ಹೊತ್ತು ಹಾಗೇ ಕುಳಿತಿದ್ದಳು.

ತೊಟ್ಟಿಲ ದಿನ ನಾವು ಜೇವರ್ಗಿಗೆ ಹೋದೆವು. ನಾನು ಅಂಗಡಿಯಿಂದ ಕೊಂಡ ಮಿರಿಮಿರಿ ಫ್ರಾಕೊಂದನ್ನು ಒಲ್ಲದ ಮನಸ್ಸಿನಿಂದ ಹಿಡಿದುಕೊಂಡಿದ್ದೆ. ಬೀಗತಿ, ಅಂದರೆ ವೈನಿಯ ಅವ್ವ, ಅದನ್ನು ನೋಡಿದ ಕೂಡಲೇ ಕೈಯಾಡಿಸಿದರು. “ಹೊಸಾದು ಬ್ಯಾಡವ್ವ. ಕೂಸಿಗೆ ಮೊದಲನೇ ಅಂಗಿ ಹಳೇದ ಆಗಬೇಕು. ಬ್ಯಾರೆ ಗಟ್ಟಿ ಜೀವ ತೊಟ್ಟು ಬಿಟ್ಟದ್ದು. ನಮ್ಮ ಮಂದಿ ಕಣ್ಣು ನಿಮಗ ಗೊತ್ತದಲ್ಲ.”

ಆಗ ಅವ್ವ ತನ್ನ ಚೀಲಕ್ಕೆ ಕೈಹಾಕಿದಳು. ಹೊರಗೆ ಬಂದದ್ದು ತೊಗರಿ ಹೂವಿನ ಹಳದಿ. ಬಲತೋಳಿಗೆ ದೃಷ್ಟಿಬೊಟ್ಟಿನಂಥ ಕಪ್ಪು ಅಂಚು.

“ಇದು ಹಳೇದರಿ. ತೊಟ್ಟು, ಒಗದು, ತೊಟ್ಟು, ಒಗದು ಮೆತ್ತಗಾಗೇದ,” ಎಂದಳು ಅವ್ವ.

ಬೀಗತಿ ಕೆನ್ನೆಗೆ ಒತ್ತಿ ನೋಡಿದರು. “ಖರೇನ ಮೆತ್ತಗದ. ಯಾರ ಕೂಸಿಂದ್ರಿ?”

“ಕೂಸಿಂದಲ್ರಿ. ನಮ್ಮ ಆಡಿನ ಮರೀದು.”

ನಾನು ನೆಲ ನೋಡಿದೆ. ಬೀಗತಿ ಗಂಭೀರವಾಗಿ ಯೋಚನೆಗೆ ಬಿದ್ದರು.

“ಮರಿ ಗಟ್ಟಿ ಅದೇನ್ರಿ?”

“ಹುಟ್ಟಿ ತಾಸಿನ್ಯಾಗ ಎದ್ದು ನಿಂತದರಿ. ಇಷ್ಟು ದಿನಕ್ಕ ಒಂದ ಸೀನು ಸೀನಿಲ್ಲ.”

“ಊಟಾ?”

“ಅಂಗಿ ತೋಳನ್ನೂ ಬಿಟ್ಟಿಲ್ರಿ.”

“ಅಯ್ಯ ನಮ್ಮವ್ವ, ಮತ್ತೇನು ಬೇಕು! ತೊಡಸ್ರಿ, ತೊಡಸ್ರಿ,” ಎಂದರು ಬೀಗತಿ.

ನನ್ನ ಕೈಯ ಅಂಗಿ ಕೂಸಿನ ಮೈಮೇಲೆ ಬಿತ್ತು. ನಾನು ಬಗ್ಗಿ ಕಿವಿಯಲ್ಲಿ ಹೆಸರು ಹೇಳಿದೆ. ಬೆನ್ನ ಮೇಲೆ ಗುದ್ದುಗಳ ಮಳೆ. ಅಳುತ್ತಿದ್ದೆನೋ ನಗುತ್ತಿದ್ದೆನೋ, ಯಾರಿಗೂ ತಿಳಿಯಲಿಲ್ಲ. ಅದು ಗುದ್ದಿನ ಉಪಕಾರ.

ಮರಳಿ ಬರುವಾಗ ಬಸ್ಸಿನಲ್ಲಿ ಅವ್ವನ ಸೆರಗು ಜಗ್ಗಿ ಕೇಳಿದೆ. “ಮೊದಲ ಹೇಳಿದ್ರ ಏನಾಗ್ತಿತ್ತು? ಎಷ್ಟು ಅಳಸಿದಿ ನನ್ನ!”

“ಬಾಯಿಬಿಟ್ಟು ಹೇಳಿದ್ರ ಹುಟ್ಟೂಕಿಂತ ಮೊದಲ ಅದು ಕೂಸಿಂದು ಆಗ್ತಿತ್ತಲ್ಲ ಬೇ, ಹುಚ್ಚಿ,” ಎಂದು ಅವ್ವ ಕಿಟಕಿಯ ಕಡೆ ತಿರುಗಿದಳು.

ಮರುದಿನ ಮುಂಜಾನೆ ನಾನು ಏಳುವಷ್ಟರಲ್ಲಿ ಅವ್ವ ಅಂಗಳದಲ್ಲಿ ಮರಿಯನ್ನು ತೊಡೆಯ ನಡುವೆ ಹಿಡಿದು ಕುಳಿತಿದ್ದಳು. ಪಕ್ಕದಲ್ಲಿ ಟ್ರಂಕು ತೆರೆದಿತ್ತು. ಮರಿಯ ತಲೆಯ ಮೇಲೆ, ಬಣ್ಣ ಒಂದಿಷ್ಟೂ ಮಾಸದ, ಕಸೂತಿ ಹಾಕಿದ ಕೆಂಪು ಕುಂಚಿಗೆ. ಅವ್ವ ಗದ್ದದ ಕೆಳಗೆ ಅದರ ಕಸಿಯ ದಾರ ಕಟ್ಟುತ್ತಿದ್ದಳು, ಮರಿ ಆ ದಾರದ ತುದಿಯನ್ನು ಆಗಲೇ ಅಗಿಯುತ್ತಿತ್ತು.

“ಇದೂ ಒಂದೀಟು ಹಳೇದಾಗಲಿ,” ಎಂದಳು ನನ್ನ ಕಡೆ ನೋಡದೆ. “ಆಮ್ಯಾಲ ಕೂಸಿಗೆ ಆಗ್ತದ.”